ಹೆಸರು ಬೇರೆ, ಒಳಗಿರುವುದು ಅದೇ

ಜ್ವರ, ಮೈಕೈ ನೋವು ಬಂದರೆ ಮೆಡಿಕಲ್ ಶಾಪಿಗೆ ಹೋಗಿ ‘ಡೋಲೋ ಕೊಡಿ’ ಅನ್ನುವುದು ನಮಗೆಲ್ಲ ರೂಢಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಔಷಧಿ ಜೊತೆ ಇದೇ ಇದೆ. ನೆಗಡಿಗೆಂದು ಮಾರುವ ಎಷ್ಟೋ ಮಾತ್ರೆಗಳಲ್ಲೂ ಇರುತ್ತದೆ. ಎಡವಟ್ಟಾಗುವುದು ಇಲ್ಲೇ.

ಆರೋಗ್ಯವಾಗಿರುವ ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ ಮಿತಿ 4000 ಮಿ.ಗ್ರಾಂ. 650ರ ಮಾತ್ರೆ ನಾಲ್ಕು ನುಂಗಿದರೆ 2600. ಜೊತೆಗೆ 500 ಮಿ.ಗ್ರಾಂ ಇರುವ ನೆಗಡಿ ಮಾತ್ರೆ ಮೂರು ನುಂಗಿದರೆ ಒಟ್ಟು 4100! ನಮ್ಮ ಲೆಕ್ಕದಲ್ಲಿ ಒಂದು ಜ್ವರಕ್ಕೆ, ಇನ್ನೊಂದು ನೆಗಡಿಗೆ. ಲಿವರ್‌ಗೆ ಆ ಭೇದ ಇಲ್ವಲ್ಲ.

ನುಂಗಿದ ಔಷಧಿಯಲ್ಲಿ ಬಹುಪಾಲನ್ನು ಲಿವರ್ ಸಲೀಸಾಗಿ ವಿಲೇವಾರಿ ಮಾಡುತ್ತದೆ. ಸ್ವಲ್ಪ ಭಾಗ ಮಾತ್ರ ವಿಷವಾಗುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಆ ವಿಷವನ್ನು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಮಾತ್ರೆ ಜಾಸ್ತಿಯಾದಾಗ ಗ್ಲುಟಾಥಯೋನ್ ಖಾಲಿಯಾಗಿ, ಉಳಿದ ವಿಷ ಲಿವರ್‌ನ ಜೀವಕೋಶಗಳನ್ನೇ ಕೊಲ್ಲುತ್ತದೆ. ದಿನಾ ಕುಡಿಯುವವರು, ಸರಿಯಾಗಿ ಊಟ ಸೇರದವರು, ಲಿವರ್ ತೊಂದರೆ ಇರುವವರು ಎಷ್ಟು ನುಂಗಬಹುದೆಂದು ಡಾಕ್ಟರನ್ನು ಕೇಳಬೇಕು. ಅವರಿಗೆ ಮಿತಿ ಇನ್ನೂ ಕಡಿಮೆ ಇರಬಹುದು.

ಮಿತಿ ತುಂಬಾ ಮೀರಿದರೂ ಮೊದಲ ದಿನ ಸುಮ್ನೆ ವಾಕರಿಕೆ ಬರಬಹುದು, ಏನೂ ಆಗದೆಯೂ ಇರಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಲಿವರ್‌ಗೆ ಪೆಟ್ಟು ಬಿದ್ದಾಗಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಮಾತ್ರೆ ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ‘ಏನೂ ಆಗಿಲ್ವಲ್ಲ’ ಎಂದು ಕಾಯದೆ, ಸ್ಟ್ರಿಪ್ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು.

ಐಬುಪ್ರೊಫೆನ್ ಕಥೆಯೇ ಬೇರೆ. ಇದು ಹೊಟ್ಟೆ ಹುಣ್ಣು ಮಾಡಬಹುದು, ರಕ್ತಸ್ರಾವ ತರಬಹುದು, ಕಿಡ್ನಿಗೂ ತೊಂದರೆ ಕೊಡಬಹುದು. ಅಲ್ಸರ್ ಅಥವಾ ಕಿಡ್ನಿ ಕಾಯಿಲೆ ಇರುವವರು, ಬಿಪಿ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ಮಳೆಗಾಲದ ಜ್ವರ ಡೆಂಗಿ ಆಗಿರಬಹುದು ಎಂಬ ಅನುಮಾನ ಇದ್ದರಂತೂ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವ ಹೊತ್ತಲ್ಲೇ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಆಗಬಹುದು, ಮಿತಿಯೊಳಗೆ.

ಅಂಗಡಿಯವರು ಎರಡೇ ಮಾತ್ರೆ ಕತ್ತರಿಸಿ ಕೊಟ್ಟಾಗ ಔಷಧಿಯ ಹೆಸರಿರುವ ತುಂಡು ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ‘ಇದರಲ್ಲಿ ಪ್ಯಾರಾಸಿಟಮಾಲ್ ಇದೆಯಾ, ಎಷ್ಟಿದೆ?’ ಎಂದು ಅಲ್ಲೇ ಕೇಳಿ, ಕವರ್ ಮೇಲೆ ಬರೆಸಿಕೊಳ್ಳಿ.