ಕಟ್ ಮಾಡದೆ ಬಿಟ್ಟರೆ ಆರ್ಟ್ ಆಗುವುದಿಲ್ಲ

ಹಾರ್ಡ್ ಡಿಸ್ಕ್ ಹಿಡಿದುಕೊಂಡು ಎಡಿಟ್ ರೂಮಿಗೆ ಬರುವ ಹೊಸ ಹುಡುಗರದ್ದು ಈಗೀಗ ಒಂದೇ ಮಾತು. "ಸಾರ್, ಇದು ಸ್ಲೋ ಸಿನಿಮಾ, ಜಾಸ್ತಿ ಕಟ್ ಮಾಡಬೇಡಿ." ಸ್ಲೋ ಸಿನಿಮಾ ಅಂದರೆ ಉದ್ದುದ್ದ ಶಾಟು, ಕಡಿಮೆ ಕಟ್, ನಿಧಾನವಾಗಿ ಸಾಗುವ ಸಿನಿಮಾ. ಬೆಂಗಳೂರು ಚಿತ್ರೋತ್ಸವದಲ್ಲಿ ಸಿನಿಮಾ ಮುಗಿಸಿ ಹೊರಗೆ ಬರುವವರದ್ದು ಇನ್ನೊಂದು. "ಎಡಿಟರ್ ನಿದ್ದೆ ಮಾಡಿದ್ದನೇನ್ರೀ? ಎಷ್ಟು ಲ್ಯಾಗ್!" ಇಬ್ಬರಿಗೂ ಉತ್ತರ ಒಂದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಮತ ಹಾಕಿಸಿ ಜಗತ್ತಿನ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುತ್ತದೆ. 2022ರಲ್ಲಿ ಮೊದಲ ಸ್ಥಾನ ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ ಅವರ 'ಜಾನ್ ಡೀಲ್ಮನ್' ಚಿತ್ರಕ್ಕೆ ಬಂತು. 1975ರದ್ದು, ಮೂರು ಗಂಟೆ ಇಪ್ಪತ್ತು ನಿಮಿಷ. ಒಬ್ಬ ವಿಧವೆಯ ಮೂರು ದಿನ. ಅಡುಗೆ, ಪಾತ್ರೆ, ಹಾಸಿಗೆ, ಮಧ್ಯಾಹ್ನ ದುಡ್ಡು ಕೊಟ್ಟು ಆಕೆಯ ಜೊತೆ ಮಲಗಲು ಮನೆಗೆ ಬರುವ ಗಿರಾಕಿ. ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಆಕೆ ಅಡುಗೆ ಮಾಡುವುದನ್ನು ಅಷ್ಟು ಹೊತ್ತು ಯಾಕೆ ನೋಡಬೇಕು ಸಾರ್ ಅಂತ ಕೇಳುತ್ತಾರೆ.

ಯಾಕೆಂದರೆ ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದು ಹಾಳಾಗುತ್ತದೆ. ಬೇರೆ ಸಿನಿಮಾದಲ್ಲಿ ಅದೊಂದು ವಿಷಯವೇ ಅಲ್ಲ. ಇಲ್ಲಿ ಆಕೆ ಆ ಪಾತ್ರೆ ಹಿಡಿದುಕೊಂಡು ಏನು ಮಾಡುವುದೆಂದು ಗೊತ್ತಾಗದೆ ಮನೆಯಲ್ಲಿ ಓಡಾಡುವಾಗ ನಮ್ಮ ಎದೆ ಧಸಕ್ ಎನ್ನುತ್ತದೆ. ಮೊದಲ ದಿನ ಎಲ್ಲ ಎಷ್ಟು ಅಚ್ಚುಕಟ್ಟಾಗಿ ನಡೆಯಿತು ಅಂತ ಕೂತು ಪೂರ್ತಿ ನೋಡಿದ್ದೇವೆ, ಅಲ್ವಾ? ಆ ಮೊದಲ ದಿನವನ್ನು ನಾನು ಹತ್ತು ನಿಮಿಷಕ್ಕೆ ಇಳಿಸಿ ಕೊಟ್ಟರೆ ಮರುದಿನದ್ದು ಬರೀ ಆಲೂಗಡ್ಡೆ.

ಅದಕ್ಕೇ ನಾನು ಟೈಮ್‌ಲೈನಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಶಾಟುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಒಂದು ಪರೀಕ್ಷೆ ಮಾಡುತ್ತೇನೆ. ಒಂದು ಶಾಟಿನಿಂದ ಒಂದು ನಿಮಿಷ ತೆಗೆಯುವುದು, ತೆಗೆದ ಜಾಗ ನೋಡದೆ ಅರ್ಧ ಗಂಟೆ ಮುಂದೆ ಹೋಗಿ ಅಲ್ಲೇನಾದರೂ ಸಪ್ಪೆಯಾಯಿತಾ ಅಂತ ನೋಡುವುದು. ಆಯಿತು ಅಂದರೆ ಆ ನಿಮಿಷ ಬೇಕಿತ್ತು. ಏನೂ ಆಗಲಿಲ್ಲ ಅಂದರೆ ಅದು ಸುಮ್ನೆ ಉದ್ದ. ಎಲ್ಲ ಸಿನಿಮಾಕ್ಕೂ ಇದು ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವು ಶಾಟುಗಳು ಮುಂದಿನದಕ್ಕಲ್ಲ, ತಮಗಾಗಿಯೇ ಇರುತ್ತವೆ.

ಹಂಗೇರಿಯ ನಿರ್ದೇಶಕ ಬೇಲಾ ತಾರ್ ಅವರ 'ಸಾತಾನ್‌ಟ್ಯಾಂಗೊ' (1994) ಏಳು ಗಂಟೆಗೂ ಜಾಸ್ತಿ. ಅದರ ಮೊದಲ ಶಾಟಿನಲ್ಲಿ ಹಸುಗಳು ಕೊಟ್ಟಿಗೆಯಿಂದ ಹೊರಗೆ ಬರುತ್ತವೆ, ಕ್ಯಾಮೆರಾ ಅವುಗಳ ಜೊತೆ ಗೋಡೆ ದಾಟಿ ದಾಟಿ ಹೋಗುತ್ತದೆ, ಪಾಳುಬಿದ್ದ ಆ ಊರು ಅಷ್ಟರಲ್ಲೇ ನಮಗೆ ಗೊತ್ತಾಗಿಬಿಡುತ್ತದೆ. ಅದನ್ನು ನೋಡಿ ಒಬ್ಬ ಹುಡುಗ ಕನಕಪುರದ ಕಡೆ ಹೋಗಿ ಹಸು ಶೂಟ್ ಮಾಡಿಕೊಂಡು ಬಂದ. ಟ್ರೈಪಾಡ್ ನಿಲ್ಲಿಸಿದ್ದಾನೆ, ಹಸುಗಳೂ ನಿಂತಿವೆ. ಕೊನೆಗೆ ಹಸುಗಳಿಗೇ ಬೇಜಾರಾಗಿರಬೇಕು, ಒಂದು ಬಂದು ಲೆನ್ಸ್ ಮೂಸಿತು. "ಸಾರ್, ಅದೊಂದು ತೆಗೆದುಬಿಡಿ" ಅಂದ. ಇಡೀ ಶಾಟಿನಲ್ಲಿ ನಡೆದಿದ್ದೇ ಅದೊಂದು ಕಣಪ್ಪ ಅಂದೆ. ಮುಖ ಸಣ್ಣಗೆ ಮಾಡಿಕೊಂಡ. ಒಳ್ಳೆಯ ಹುಡುಗ, ಕಣ್ಣಿದೆ, ಕಲಿಯುತ್ತಾನೆ.

ಫಿಲ್ಮ್ ಕಾಲದಲ್ಲಿ ಈ ತಾಪತ್ರಯ ಕಡಿಮೆ ಇತ್ತು. 1000 ಅಡಿಯ ರೋಲ್ ಸುಮಾರು 11 ನಿಮಿಷಕ್ಕೆ ಮುಗಿಯುತ್ತಿತ್ತು, ಅದಕ್ಕೆ ದುಡ್ಡು ಬೇರೆ. ಈಗ ಮೆಮೊರಿ ಕಾರ್ಡ್ ತುಂಬುವವರೆಗೂ ಓಡಿಸಬಹುದು.

ಹಾಗಾದರೆ ಈ ಸಿನಿಮಾಗಳಿಗೆ ಸಿಗುವ ಹೊಗಳಿಕೆ ನ್ಯಾಯವೇ? ಇವೆರಡಕ್ಕೆ ಖಂಡಿತ ನ್ಯಾಯ. ಇವನ್ನು ನೋಡಿ ಬರೀ ಉದ್ದವನ್ನು ಮಾತ್ರ ಕಲಿತವರಿಗೆ ಇಲ್ಲ. ಬೋರಾಯಿತು ಅಂದರೆ ದಡ್ಡ ಅಂದುಕೊಳ್ಳುತ್ತಾರೇನೋ ಅಂತ ಚಪ್ಪಾಳೆ ತಟ್ಟುವವರೂ ಬೇಕಾದಷ್ಟು ಜನ ಇದ್ದಾರೆ. ಬೋರಾದರೆ ಎದ್ದು ಬನ್ನಿ, ನಾಚಿಕೆ ಬೇಡ. ಮೊಬೈಲಿನಲ್ಲಿ 1.5 ಸ್ಪೀಡಿಗೆ ಹಾಕಿ ನೋಡಿದವರು ಮಾತ್ರ ದಯವಿಟ್ಟು ನನ್ನ ಹತ್ತಿರ ಚರ್ಚೆಗೆ ಬರಬೇಡಿ.