ವಾಯು ಎಂದು ದೂರಿದ ಕಾಳಿನ ಸಕ್ಕರೆಗೆ ಈಗೇಕೆ ಇಷ್ಟು ಮರ್ಯಾದೆ?

ಅಂಕೋಲಾ, ಕುಮಟಾ ಕಡೆ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ತೇವವನ್ನೇ ನಂಬಿ ಉದ್ದು, ಹೆಸರು, ಅಲಸಂದೆ ಬಿತ್ತುತ್ತಾರೆ. ಕಾರವಾರದಲ್ಲಿ ಮೊಳಕೆ ಬಂದ ಹೆಸರುಕಾಳಿಗೆ ಕಾಯಿ ಅರೆದು ಹಾಕುತ್ತಾರೆ. ಶಿರಸಿಯಲ್ಲಿ ಹುರುಳಿ ಕಟ್ಟಿನ ಸಾರು. ಇಷ್ಟೆಲ್ಲ ಇದ್ದರೂ ಕಾಳು ಅಂದ ಕೂಡಲೇ ‘ವಾಯು ಆಗ್ತದೆ’ ಎಂಬ ಮಾತು ಬಂದೇ ಬರುತ್ತದೆ, ಅಲ್ವಾ?

ದೂರು ಸುಳ್ಳಲ್ಲ. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ನೇರ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುಳಿಸುತ್ತವೆ, ಗ್ಯಾಸ್ ಆಗುತ್ತದೆ. 1970ರ ದಶಕದಲ್ಲಿ ವಿಜ್ಞಾನಿಗಳಿಗೂ ಇದು ಕಾಳಿನ ದೋಷವಾಗಿಯೇ ಕಂಡಿತ್ತು. ಬೇಯಿಸಿದರೆ, ಮೊಳಕೆ ಬರಿಸಿದರೆ ಈ ಸಕ್ಕರೆ ಎಷ್ಟು ಬದಲಾಗುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಅಳೆದು, 1978ರಲ್ಲಿ ಪ್ರಕಟಿಸಿದರು.

ನೋಟ ಬದಲಾಗತೊಡಗಿದ್ದು ಸಕ್ಕರೆ ಕಾಯಿಲೆಯ ಸಂಶೋಧನೆಯಿಂದ. ಒಣ ಕಾಳು ತಿಂದಾಗ ರಕ್ತದ ಸಕ್ಕರೆ ತೀರಾ ಕಡಿಮೆ ಏರುತ್ತದೆ ಎಂದು ಸಂಶೋಧಕ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1980ರಲ್ಲಿ ಬರೆದರು. ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯನ್ನು ಮರುವರ್ಷ ಅವರೇ ಕೊಟ್ಟರು. ಕಾಳಿನ ಪಿಷ್ಟ ನಿಧಾನ ಕರಗುತ್ತದೆ, ಒಂದಿಷ್ಟು ಕರಗುವುದೇ ಇಲ್ಲ. ಕರಗದ ಆ ಪಾಲು, ಆ ಮೂರು ಸಕ್ಕರೆಗಳ ಹಾಗೆಯೇ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟ. ಅವು ತಿಂದು ಗ್ಯಾಸ್ ಮಾತ್ರ ಬಿಡುವುದಿಲ್ಲ, ಬ್ಯುಟಿರೇಟ್‌ನಂಥ ಆಮ್ಲಗಳನ್ನೂ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ಮುಖ್ಯವಾಗಿ ಬದುಕುವುದೇ ಈ ಬ್ಯುಟಿರೇಟ್‌ನಿಂದ. 1995ರಲ್ಲಿ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಪೋಷಿಸುವ ಇಂಥ ಆಹಾರಕ್ಕೆ ‘ಪ್ರಿಬಯೋಟಿಕ್’ ಎಂದು ಹೆಸರಿಟ್ಟರು.

ಮೆಂತೆಯ ಕಥೆ ಇನ್ನೂ ಹತ್ತಿರದ್ದು. ಅದೂ ದ್ವಿದಳ ಧಾನ್ಯಗಳ ಕುಟುಂಬದ್ದೇ. ನೆನೆಸಿದ ಮೆಂತೆ ಲೋಳೆಯಾಗುವುದು ಗ್ಯಾಲಕ್ಟೊಮನ್ನಾನ್ ಎಂಬ ನಾರಿನಿಂದ. ಆ ಲೋಳೆ ಹೊಟ್ಟೆಯಲ್ಲಿ ಆಹಾರವನ್ನು ಮಂದ ಮಾಡಿ, ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗಿಸುತ್ತದೆ. ಹೈದರಾಬಾದಿನ ಅದೇ ಸಂಸ್ಥೆಯ ಆರ್.ಡಿ. ಶರ್ಮಾ 1986ರಿಂದ ಇದನ್ನು ರೋಗಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ಆದರೆ ಪ್ರಮಾಣ ನೋಡಿ: 1990ರ ಪ್ರಯೋಗದಲ್ಲಿ ದಿನಕ್ಕೆ 100 ಗ್ರಾಂ, ಎಣ್ಣೆ ತೆಗೆದ ಮೆಂತೆ ಪುಡಿ ಕೊಟ್ಟಿದ್ದರು. ನಮ್ಮ ಮೆಂತೆ ತಂಬುಳಿಗೆ ಬೀಳುವುದು ಒಂದು ಚಮಚ. ತಂಬುಳಿ ಒಳ್ಳೆಯದೇ, ಆದರೆ ಅದನ್ನು ನಂಬಿ ಸುಮ್ನೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಾರದು.

ಗೋರಿಕಾಯಿ ಬೀಜದ ಗೌರ್ ಗಮ್ ಎಂಬ ಇಂಥದೇ ನಾರು, ಸೋಯಾದಿಂದ ತೆಗೆದ ಸಕ್ಕರೆ ಈಗ ಪುಡಿಯಾಗಿಯೂ ಸಿಗುತ್ತವೆ. ಪುಡಿಯಲ್ಲಿ ಕಾಳಿನ ಪ್ರೋಟೀನು, ಕಬ್ಬಿಣ ಇರುವುದಿಲ್ಲ. ಆರೋಗ್ಯವಂತರಿಗೆ ಹುರುಳಿ, ಅಲಸಂದೆಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಹೊಟ್ಟೆ ಸೂಕ್ಷ್ಮ ಇರುವವರು ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಲಿ. ಒಂದಿಷ್ಟು ಸಕ್ಕರೆ ನೀರಲ್ಲೇ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಜಾಸ್ತಿ ಕಡಿಮೆಯಾಗುತ್ತದೆ, ಯಾಕೆಂದರೆ ಚಿಗುರಲು ಬೇಕಾದ ಶಕ್ತಿಗೆ ಬೀಜವೇ ಅದನ್ನು ಬಳಸಿಕೊಳ್ಳುತ್ತದೆ. ನಾರು ಮತ್ತು ನಿಧಾನ ಕರಗುವ ಪಿಷ್ಟ ಬಹುಪಾಲು ಹಾಗೇ ಉಳಿಯುತ್ತವೆ.