ಆ ಮನೆಯಲ್ಲಿ ಯಾರ್ಯಾರಿದ್ದರು?

1939ರ ಸೆಪ್ಟೆಂಬರ್ 3, ಭಾನುವಾರ. ಬ್ರಿಟನ್ ಯುದ್ಧ ಸಾರಿದ ದಿನ. ಲಂಡನ್ನಿನ 20, ಮೇರ್ಸ್‌ಫೀಲ್ಡ್ ಗಾರ್ಡನ್ಸ್ ಮನೆಯಲ್ಲಿ ದವಡೆಯ ಕ್ಯಾನ್ಸರಿನಿಂದ ಕೊನೆಯ ದಿನಗಳನ್ನು ಎಣಿಸುತ್ತಿರುವ, ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ನಾಸ್ತಿಕ ಸಿಗ್ಮಂಡ್ ಫ್ರಾಯ್ಡ್. ಎದುರಿಗೆ ಆಕ್ಸ್‌ಫರ್ಡಿನ ಲೇಖಕ, ಕ್ರೈಸ್ತ ನಂಬಿಕೆಯ ಸಿ. ಎಸ್. ಲೂಯಿಸ್. ದೇವರಿದ್ದಾನೋ ಇಲ್ಲವೋ ಎಂಬ ವಾದ. 2023ರ ‘ಫ್ರಾಯ್ಡ್ಸ್ ಲಾಸ್ಟ್ ಸೆಷನ್’ ಚಿತ್ರದ ಈ ಭೇಟಿ ಕಲ್ಪಿತ. ತಾರೀಕು, ಮನೆ, ಕಾಯಿಲೆ ಮೂರೂ ದಿಟ.

ಇಬ್ಬರು ಬಿಳಿ ಗಂಡಸರು ಕೂತು ಮಾತಾಡುವ ಚಿತ್ರದಲ್ಲಿ ವೈವಿಧ್ಯ ಎಲ್ಲಿಂದ ಬರಬೇಕು? ಪಕ್ಕದ ಪಾತ್ರಗಳಿಗೆ ಬೇರೆ ಮೈಬಣ್ಣದ ನಟರನ್ನು ತಂದು ನಿಲ್ಲಿಸುವುದು ಅವಸರದ ಮದ್ದು. ಅದಕ್ಕೂ ಮೊದಲು ಆ ಮನೆಯಲ್ಲಿ ಆಗಲೇ ಇದ್ದವರ ಪಟ್ಟಿ ಮಾಡಬೇಕು.

ಫ್ರಾಯ್ಡ್ 1938ರ ಜೂನ್‌ನಲ್ಲಿ ವಿಯೆನ್ನಾ ಬಿಟ್ಟುಬಂದ ಯಹೂದಿ ನಿರಾಶ್ರಿತ. ತಾನೂ ಮನೋವಿಶ್ಲೇಷಕಿಯಾದ ಮಗಳು ಅನ್ನಾ ಆ ಮಾರ್ಚ್‌ನಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೊದ ವಿಚಾರಣೆ ಎದುರಿಸಿ ಬಂದವಳು. ಹೆಂಡತಿ ಮಾರ್ಥಾ ಹ್ಯಾಂಬರ್ಗಿನ ಯಹೂದಿ ಧರ್ಮಗುರುಗಳ ಮನೆತನದವಳು. ಮದುವೆಯಾದ ಮೇಲೆ ಯಹೂದಿ ಹೆಂಗಸರು ಶುಕ್ರವಾರ ಸಂಜೆ ಹಚ್ಚುವ ಸಬ್ಬತ್ ದೀಪ ಹಚ್ಚಲು ಗಂಡ ಬಿಡಲಿಲ್ಲ. ವಿಯೆನ್ನಾದಿಂದ ಜೊತೆಗೇ ಬಂದ ಮನೆಗೆಲಸದ ಪೌಲಾ ಫಿಶ್ಟಲ್‌ಳನ್ನು ಮುಂದೆ ಬ್ರಿಟಿಷರು ಶತ್ರುದೇಶದವಳೆಂದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿದರು. ಇಷ್ಟು ಜನ ಒಂದೇ ಸೂರಿನಡಿ ಇರುವಾಗ ನಂಬಿಕೆಯ ಚರ್ಚೆ ಇಬ್ಬರು ಗಂಡಸರಲ್ಲೇ ಮುಗಿದರೆ ಕೊರತೆ ಇತಿಹಾಸದ್ದಲ್ಲ, ಚಿತ್ರಕಥೆಯದು. ದೀಪ ಹಚ್ಚಲಾಗದ ಹೆಂಗಸಿಗಿಂತ ಈ ವಾದ ಬಲ್ಲವರು ಯಾರಿದ್ದರು?

ಚಿತ್ರಕಥೆ ಓದುವಾಗ ಪ್ರತಿ ಪಾತ್ರಕ್ಕೂ ಮೂರು ಕಾಲಂ ಎಳೆಯಿರಿ. ಎಷ್ಟು ದೃಶ್ಯ? ಅವುಗಳಲ್ಲಿ ನಾಯಕನ ಸುದ್ದಿಯೇ ಇಲ್ಲದವು ಎಷ್ಟು? ಆ ಪಾತ್ರದ ತೀರ್ಮಾನದಿಂದ ಕಥೆ ಎಲ್ಲಾದರೂ ತಿರುಗುತ್ತದೆಯೇ? ಮೊದಲ ಕಾಲಂ ತುಂಬಿ ಮೂರನೆಯದು ಖಾಲಿಯಿದ್ದರೆ ಆ ಪಾತ್ರ ಇದ್ದೂ ಇಲ್ಲದಂತೆ. ಅನ್ನಾ ಮತ್ತು ಅವಳ ಸಂಗಾತಿ ಡೊರೊಥಿ ಬರ್ಲಿಂಗ್‌ಹ್ಯಾಮ್‌ರ ಪ್ರೇಮವನ್ನು ಈ ಚಿತ್ರ ಮುಚ್ಚಿಡುವುದಿಲ್ಲ. ಅದು ಸರಿಯೇ. ಆದರೆ ಅನ್ನಾಳ ದೃಶ್ಯಗಳಲ್ಲಿ ಬಹುಪಾಲು ಅಪ್ಪನ ಒಪ್ಪಿಗೆಯ ಸುತ್ತಲೇ ಗಿರಕಿ ಹೊಡೆಯುತ್ತವೆ.

ಇಲ್ಲಿ ಇನ್ನೊಂದು ತೊಡಕಿದೆ. ಸಲಿಂಗಕಾಮವನ್ನು ಕಾಯಿಲೆ ಎನ್ನಲಾಗದು ಎಂದು ಫ್ರಾಯ್ಡ್ 1935ರಲ್ಲೇ ಅಮೆರಿಕದ ಒಬ್ಬ ತಾಯಿಗೆ ಪತ್ರ ಬರೆದಿದ್ದರು. ಹೆಂಗಸಿನೊಡನೆ ಜೀವನವಿಡೀ ಬಾಳಿದ ಅನ್ನಾಳೇ, ತನ್ನ ಬಳಿ ಬಂದ ಸಲಿಂಗಕಾಮಿ ಗಂಡಸರನ್ನು ‘ಬದಲಿಸಲು’ ಚಿಕಿತ್ಸೆ ಕೊಟ್ಟಳು. ಪ್ರಾತಿನಿಧ್ಯದ ಹೆಸರಲ್ಲಿ ಅವಳನ್ನು ಬರೀ ನೊಂದವಳಾಗಿ ಬರೆದರೆ ಈ ವಿರೋಧಾಭಾಸವೇ ತಪ್ಪಿಹೋಗುತ್ತದೆ.

ಬರೆಯುವವರು ಎಡವುವ ಇನ್ನೊಂದು ಜಾಗ, ಮುಂದಾಗುವುದನ್ನು ಪಾತ್ರದ ಬಾಯಲ್ಲಿ ಹೇಳಿಸುವುದು. ಫ್ರಾಯ್ಡ್‌ರ ನಾಲ್ವರು ತಂಗಿಯರು ಆ ದಿನ ವಿಯೆನ್ನಾದಲ್ಲಿ ಬದುಕಿದ್ದರು. ಅವರು ನಾಜಿಗಳ ಕೈಯಲ್ಲಿ ಸತ್ತದ್ದು ಆಮೇಲೆ, ಅಣ್ಣ ತೀರಿಕೊಂಡ ಮೇಲೆ. ಆ ಭಾನುವಾರ ಅಣ್ಣನಿಗೆ ಇದ್ದದ್ದು ಆತಂಕ, ಶೋಕವಲ್ಲ. ನಟನ ಕಣ್ಣಲ್ಲಿ ಶೋಕ ಕಂಡರೆ ಟೇಕ್ ಕೆಟ್ಟಿತೆಂದೇ ಲೆಕ್ಕ.

ಕಾಯಿಲೆಗೂ ಇದೇ ನಿಯಮ. 1923ರಿಂದ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ, ಬಾಯೊಳಗೆ ಕೃತಕ ಅಂಗುಳು, ಬಲಗಿವಿ ಮಂದ. ಇಷ್ಟೆಲ್ಲ ಇದ್ದವರು ಉದ್ದುದ್ದ ಸಂಭಾಷಣೆಯನ್ನು ಸ್ಪಷ್ಟವಾಗಿ ಆಡಲಾರರು. ಪೂರ್ತಿ ತೊದಲಿಸಿದರೆ ನೋಡುಗರು ಎದ್ದು ಹೋಗುತ್ತಾರೆ. ಎರಡು ಮೂರು ಕಡೆ ನೋವು ವಾದವನ್ನು ಅರ್ಧಕ್ಕೇ ಕತ್ತರಿಸಲಿ, ಸಾಕು.

ಇನ್ನು ನಮ್ಮ ಕಡೆಯದು ಒಂದು ವಸ್ತು. ಕಲ್ಕತ್ತಾದಲ್ಲಿ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ಫ್ರಾಯ್ಡ್‌ರ 75ನೇ ಹುಟ್ಟುಹಬ್ಬಕ್ಕೆ ದಂತದ ವಿಷ್ಣು ವಿಗ್ರಹ ಕಳಿಸಿದ್ದರು. ಫ್ರಾಯ್ಡ್ ಅದನ್ನು ಬರೆಯುವ ಮೇಜಿನ ಮೇಲೆ ಇಟ್ಟುಕೊಂಡರು. ಮನೋವಿಶ್ಲೇಷಣೆ ಪರದೇಶಗಳಲ್ಲಿ ಸಾಧಿಸಿದ ವಿಜಯದ ನೆನಪು ಎಂಬರ್ಥದಲ್ಲಿ ಬೋಸರಿಗೆ ಉತ್ತರ ಬರೆದರು. ‘ವಿಜಯ’! ಕಲಾ ವಿಭಾಗ ಈ ವಿಗ್ರಹವನ್ನು ತಂದು ಮಸುಕು ಹಿನ್ನೆಲೆಯಲ್ಲಿ ನಿಲ್ಲಿಸಿದರೆ ಅದು ಶೋಪೀಸ್. ಲೂಯಿಸ್ ಅದನ್ನು ಕೈಗೆತ್ತಿಕೊಂಡು ‘ಇದೆಲ್ಲಿಂದ ಬಂತು?’ ಎಂದು ಕೇಳಲಿ, ಫ್ರಾಯ್ಡ್ ಅದೇ ಪದ ಬಳಸಿ ಉತ್ತರಿಸಲಿ. ಚಿತ್ರಕಥೆಯಲ್ಲಿ ಅರ್ಧ ಪುಟ, ತೆರೆಯ ಮೇಲೆ ಅರ್ಧ ನಿಮಿಷ.